ಕಲ್ಲುಗಣಿಯ ಆಚೆಗೆ ಯಾವ ಕೇಬಲ್?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಸೈಕಲ್ ಶಾಪಿನ ಹಿತ್ತಿಲಲ್ಲಿ ಒಬ್ಬ ಹೆಂಗಸು ಕುತ್ತಿಗೆ ಎತ್ತಿಕೊಂಡು ನಿಂತಿದ್ದಾರೆ. ತಲೆಯ ಮೇಲೆ, ಎರಡು ಕಂಬಗಳ ನಡುವೆ ಮೂರು ಕಪ್ಪು ಕೇಬಲ್‌ಗಳು ತೂಗುತ್ತಿವೆ. ಒಂದೊಂದಕ್ಕೂ ಭಾರಕ್ಕೆಂದು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳನ್ನು ಕಟ್ಟಿದೆ. ದಾರಿಯಲ್ಲಿ ಹೋಗುವವರಿಗೆ ಯಾರೋ ಬಾಟಲಿ ಒಣಗಹಾಕಿದಂತೆ ಕಾಣಬೇಕು. ಹೆಂಗಸು ಏಣಿ ಹತ್ತಿ, ಹೊದಿಕೆ ಎಷ್ಟು ಗಟ್ಟಿ ಎಂದು ನೋಡಲು ನಡುವಿನ ಕೇಬಲ್ಲಿನ ಮೇಲೆ ಹೆಬ್ಬೆರಳ ಉಗುರು ಊರುತ್ತಾರೆ, ಇಬ್ಬನಿಯ ಒದ್ದೆಯನ್ನು ಸೆರಗಿನಿಂದ ಒರೆಸುತ್ತಾರೆ, ಮತ್ತೆ ಊರುತ್ತಾರೆ. ಕಂಬದ ತುದಿಯಲ್ಲಿ ಒಂದು ಅಳಿಲು ಕೂತು ಇದನ್ನೆಲ್ಲ ಗಮನಿಸುತ್ತಿದೆ.

‘ಬಂದ್ಯಾ? ಬಾ ಬಾ, ನೀನೂ ಒಂದು ಮಾತು ಹೇಳ್ಬಿಡು’ ಎಂದು ಅದಕ್ಕೆ ಹೇಳಿ ಕೆಳಗಿಳಿಯುತ್ತಾರೆ.

ಇವರನ್ನು ಊರೆಲ್ಲ ಕಂಬದಕ್ಕ ಎಂದು ಕರೆಯುತ್ತದೆ. ಊರಿನವರೇ ಸೇರಿ ಕಟ್ಟಿಕೊಂಡ ಇಂಟರ್ನೆಟ್ ಸಂಘದಲ್ಲಿ ಇವರದು ಹೊರಗಿನ ಕೆಲಸ. ಹೊರಗಿನ ಕೆಲಸ ಎಂದರೆ ಕಂಬ, ಕೇಬಲ್, ಏಣಿ, ಬಿಸಿಲು, ಮಳೆ ಮತ್ತು ಬೈಗುಳ. ದೊಡ್ಡ ಕಂಪನಿಗಳವರು ಈ ಊರಿಗೆ ಬಂದರು, ಮನೆಗಳು ದೂರ ದೂರ ಇರುವುದನ್ನು ನೋಡಿದರು, ತಂಪು ಪಾನೀಯ ಕುಡಿದು ಹೋದರು. ಆಮೇಲೆ ಬೇಕರಿ ಯಜಮಾನರು ಮುಂದೆ ನಿಂತು ಸಂಘ ಮಾಡಿದರು. ಈಗ ಹಳೆಯ ಕೇಬಲ್ಲುಗಳ ಬದಲಿಗೆ ಇಡೀ ಊರಿಗೆ ಹೊಸ ಫೈಬರ್ ಕೇಬಲ್ ಎಳೆಯಬೇಕು. ಯಾವ ಕೇಬಲ್ ಎಂದು ಆರಿಸುವ ಹೊಣೆ ಕಂಬದಕ್ಕನ ತಲೆಗೆ ಬಿದ್ದಿದೆ. ಸಂಘದ ಕೈಯಲ್ಲಿ ಇರುವುದು ಒಂದೇ ಸಲದ ಖರೀದಿಯ ಶಕ್ತಿ. ಒಂದೇ ಜಾತಿಯ ಕೇಬಲ್, ಉರುಳೆಗಟ್ಟಲೆ. ತಪ್ಪಿದರೆ ಬದಲಾಯಿಸಲು ಇನ್ನೊಂದು ಸಲ ಯಾರೂ ಕೈ ಬಿಚ್ಚುವುದಿಲ್ಲ.

ಹೀಗೆ ಹಿತ್ತಿಲಲ್ಲಿ ಮೂರು ತುಂಡು ನೇತುಹಾಕಿ ತಿಂಗಳುಗಟ್ಟಲೆ ನೋಡುತ್ತಿದ್ದರೆ ಬೇಕರಿ ಯಜಮಾನರು ಸುಮ್ಮನಿರುತ್ತಾರೆಯೇ? ಬಿಸಿ ಬ್ರೆಡ್ಡಿನ ಟ್ರೇ ಹಿಡಿದು ಹೋಗುವಾಗ ಗೋಡೆಯಾಚೆಯಿಂದ ಕೂಗುತ್ತಾರೆ: ‘ಅಕ್ಕಾ, ಕೇಬಲ್ ಆರಿಸ್ತಾ ಇದೀರೋ, ಸೊಸೆ ಆರಿಸ್ತಾ ಇದೀರೋ?’

‘ಸೊಸೆ ಸರಿಹೋಗ್ದಿದ್ರೆ ಬೇರೆ ಮನೆ ಮಾಡ್ಕೋಬಹುದು ಕಣಣ್ಣ. ಇದು ಸರಿಹೋಗ್ದಿದ್ರೆ ಇಪ್ಪತ್ತು ವರ್ಷ ತಲೆ ಮೇಲೇ ಕೂತಿರುತ್ತೆ!’

ಕೇಬಲ್ ಆರಿಸುವುದರಲ್ಲಿ ಅಂಥದ್ದೇನಿದೆ ಎಂದು ಕೇಳುವವರು ಒಮ್ಮೆ ಈ ಹಿತ್ತಿಲಿಗೆ ಬರಬೇಕು. ಒಳಗೆ ಇರುವುದು ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಓಡುತ್ತದೆ. ಗಾಜನ್ನು ಎಳೆದರೆ ಅದು ರಬ್ಬರಿನಂತೆ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಆದ್ದರಿಂದ ಸುತ್ತ ಇರುವ ಜೆಲ್ಲು, ನಾರು, ಉಕ್ಕು, ಕಪ್ಪು ಹೊದಿಕೆ ಎಲ್ಲವೂ ಇರುವುದು ಆ ಎಳೆಯ ಮೇಲೆ ಯಾವ ಜಗ್ಗಾಟವೂ ಬೀಳದಿರಲಿ ಎಂದು. ‘ಮಗು ಎತ್ಕೊಂಡು ಬಸ್ಸಲ್ಲಿ ನಿಂತ್ಕೋತೀವಲ್ಲ, ಹಂಗೆ. ನೂಕಾಟ ಎಲ್ಲ ನಮ್ಗೆ, ಮಗೂಗೆ ತಾಗಬಾರ್ದು’ ಎನ್ನುತ್ತಾರೆ ಕಂಬದಕ್ಕ.

ಮೂರರಲ್ಲಿ ಮೊದಲನೆಯದು ಅಡ್ಡಕ್ಕೆ ಕೊಯ್ದು ನೋಡಿದರೆ ಇಂಗ್ಲಿಷಿನ ಎಂಟರ ಅಂಕಿಯಂತೆ ಕಾಣುತ್ತದೆ. ಮೇಲೆ ಉಕ್ಕಿನ ತಂತಿ, ಕೆಳಗೆ ಗಾಜಿನ ಎಳೆಗಳ ಕೊಳವೆ, ನಡುವೆ ಎರಡನ್ನೂ ಅಂಟಿಸಿದ ತೆಳು ಪಟ್ಟಿ. ಮುಟ್ಟಿದರೆ ಗಟ್ಟಿ. ಬೇಕರಿ ಯಜಮಾನರಿಗೆ ಇದೇ ಇಷ್ಟ. ಎರಡನೆಯದು ಉರುಟು, ದಪ್ಪ, ಒಂದು ಚೂರೂ ಲೋಹವಿಲ್ಲ. ಗುಂಡು ತಡೆಯುವ ಅಂಗಿಗಳಿಗೆ ಹಾಕುವ ಜಾತಿಯ ಹಳದಿ ನಾರೇ ಅದರ ಬಲ. ಬಲು ಉದ್ದದ ಅಂತರವನ್ನೂ ಒಂದೇ ಜಿಗಿತದಲ್ಲಿ ದಾಟುತ್ತದೆ. ಮೂರನೆಯದು ಎರಡನೆಯದರ ಬಡ ತಮ್ಮ. ಅದೇ ನಾರು, ಆದರೆ ಕಡಿಮೆ. ತೆಳ್ಳಗೆ, ಹಗುರ. ಹತ್ತಿರ ಹತ್ತಿರದ ಕಂಬಗಳಿಗೆ ಮಾತ್ರ ಸರಿ.

ಗಾಳಿ ಬೀಸಿದಾಗ ಎಂಟರ ಆಕಾರದ್ದು ರೆಕ್ಕೆಯಂತೆ ಪಟಪಟ ಬಡಿಯುತ್ತದೆ, ಉರುಟಾದವು ಸುಮ್ಮನೆ ತೂಗುತ್ತವೆ. ಆ ಬಡಿತ ನಿಲ್ಲಿಸಲು ಎಳೆಯುವಾಗಲೇ ಅಲ್ಲಲ್ಲಿ ಒಂದು ಸುತ್ತು ತಿರುಚಬೇಕು. ಜೋರು ಬಿಸಿಲಿಗೆ ಮೂರೂ ಜೋಲುತ್ತವೆ, ಚಳಿಗೆ ಬಿಗಿಯುತ್ತವೆ. ಹೊಸಬರು ನೋಡಲು ಚೆಂದ ಎಂದು ಕೇಬಲ್ಲನ್ನು ಗೆರೆ ಎಳೆದ ಹಾಗೆ ಬಿಗಿಯುತ್ತಾರಂತೆ. ಅದೇ ದೊಡ್ಡ ದಡ್ಡತನ. ಜೋಲು ಕಡಿಮೆಯಾದಷ್ಟೂ ಕಂಬದ ಮೇಲೆ ಎಳೆತ ಹೆಚ್ಚು.

ಇನ್ನು ಅಳಿಲು. ಅದು ಕೇಬಲ್ ಕಡಿಯುವುದು ಹಸಿವಿಗಲ್ಲ. ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಬೇಕು. ಯಾವ ಕೇಬಲ್ಲನ್ನು ಬಿಡುತ್ತದೋ ನೋಡೋಣ ಎಂದು ಕಂಬದಕ್ಕ ಕಾದರು. ಮಹರಾಯ ಮೂರನ್ನೂ ಸಮನಾಗಿ ಕಡಿದಿದೆ. ಆದರೆ ಒಂದು ವಿಷಯ ಕಲಿಸಿದೆ. ಕೂರಲು ಜಾಗವಿರುವಲ್ಲಿ, ಅಂದರೆ ಕಂಬದ ಪಕ್ಕದಲ್ಲಿ ಮಾತ್ರ ಕಡಿಯುತ್ತದೆ. ಹಾಗಾಗಿ ಅಲ್ಲಿಗೆ ಮಾತ್ರ ಸೀಳಿದ ಪ್ಲಾಸ್ಟಿಕ್ ಪೈಪಿನ ಕವಚ ತೊಡಿಸಿದರೆ ಸಾಕು.

ಕಂಬದಕ್ಕ ಈ ಕೆಲಸಕ್ಕೆ ಬಂದ ದಾರಿ ನೆಟ್ಟಗಿಲ್ಲ. ಹಳೆಯ ಟೆಲಿಫೋನ್ ಕಚೇರಿಗೆ ಸೇರಿದ್ದು ಕಸ ಗುಡಿಸಲು. ಒಂದು ದಿನ ಮಳೆ ಬಂದು ಆಸ್ಪತ್ರೆಯ ಫೋನು ಸತ್ತಾಗ ಲೈನ್‌ಮನ್ನಿಗೆ ತಲೆಸುತ್ತು. ‘ಅವನಿಗೆ ಯಾಕೆ ತಲೆ ಸುತ್ತಿತ್ತು ಅಂತ ನಾನು ಹೇಳಲ್ಲ, ಈಗ ತೀರ್ಕೊಂಡಿದಾನೆ ಪಾಪ’ ಎಂದು ನಗುತ್ತಾರೆ. ಕೆಳಗೆ ನಿಂತು ಆತ ಹೇಳಿದ, ಇವರು ಮೇಲೆ ಹತ್ತಿ ಮಾಡಿದರು. ಆಮೇಲೆ ಏಣಿ ಇವರದೇ ಆಯಿತು. ಊರಿನ ತಾಮ್ರದ ತಂತಿಗಳಲ್ಲಿ ಹೆಚ್ಚಿನವನ್ನು ಎಳೆದದ್ದು ಈ ಕೈಗಳೇ. ಮೊಬೈಲ್ ಬಂದು ಕಚೇರಿ ಮುಚ್ಚಿದಾಗ ಕಂಪನಿ ಇವರನ್ನೇ ಕರೆದು, ತಾಮ್ರವನ್ನೆಲ್ಲ ಬಿಚ್ಚಿ ತೂಕಕ್ಕೆ ಹಾಕಲು ಹೇಳಿತು. ‘ಕಟ್ಟಿದ್ದೂ ನಾನೇ, ಕಿತ್ತಿದ್ದೂ ನಾನೇ. ಕೊನೇ ಕಂಬದ್ದು ಬಿಚ್ಚಿ ಮನೆಗ್ ಹೋಗಿ ಎರಡು ದಿನ ಮಾತಾಡ್ಲಿಲ್ಲ. ನಮ್ಮನೆಯೋರು ಹೆದರಿ ತಾವೇ ಅಡುಗೆ ಮಾಡಿದ್ರು. ಅದನ್ನ ತಿನ್ನೋಕಾಗ್ದೆ ಬಾಯಿ ಬಿಟ್ಟೆ.’

ಆಮೇಲೆ ಅದೇ ಬೇಕರಿಯಲ್ಲಿ ವರ್ಷಗಟ್ಟಲೆ ಹಿಟ್ಟಿನ ಮೂಟೆ ಹೊತ್ತರು. ಸಂಘ ಶುರುವಾದಾಗ ಯಜಮಾನರಿಗೆ ನೆನಪಾದದ್ದು ತಮ್ಮ ಒಲೆಯ ಪಕ್ಕದಲ್ಲೇ ಇದ್ದ ಈ ಲೈನ್‌ಮನ್. ಮೂಟೆಯ ಕೆಲಸದಿಂದ ಬಿಡುಗಡೆ ಸಿಕ್ಕಿತು, ಕಂಬದ ಮೇಲಿನ ಬಿಸಿಲು ಮತ್ತೆ ಸಿಕ್ಕಿತು. ಈಗ ನಾನೂರಕ್ಕೂ ಹೆಚ್ಚು ಕಂಬಗಳು ಇವರ ಸುಪರ್ದಿಯಲ್ಲಿವೆ. ಇಂಟರ್ನೆಟ್ ಗಾಳಿಯಲ್ಲಿ ತಾನಾಗಿ ಬರುತ್ತದೆ ಎಂದು ನಂಬಿದ ಜನ ಮೇಲೆ ನೋಡುವುದು ಅದು ನಿಂತಾಗ ಮಾತ್ರ. ಆಗಲೂ ನೋಡುವುದು ಕಂಬವನ್ನಲ್ಲ, ಕಂಬದಕ್ಕನ ಮನೆಯ ಬಾಗಿಲನ್ನು.

ಈ ಆಯ್ಕೆಯಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಊರಿನ ಪೂರ್ವಕ್ಕಿರುವ ಕಲ್ಲುಗಣಿ. ಅದರ ಆಚೆ ದಂಡೆಯಲ್ಲಿ ಹದಿನಾಲ್ಕು ಮನೆಗಳಿವೆ. ಒಂದರಲ್ಲಿ ಕಂಬದಕ್ಕನ ತಂಗಿ ಇದ್ದಾರೆ. ಅವರಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಶಾಲೆಯ ಚೀಲ ಹೊಲಿಯುತ್ತಾರೆ. ಅಕ್ಕತಂಗಿಯರ ಮಾತೆಲ್ಲ ಕೈಯಲ್ಲಿ. ತಗ್ಗಿನಲ್ಲಿರುವ ಆ ಮನೆಗಳಿಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಇಳಿಯುವುದಿಲ್ಲ. ಚಿಕ್ಕ ಸಂದೇಶ, ಒಂದು ಫೋಟೋ ಹೇಗೋ ತೂರಿಕೊಂಡು ಹೋಗುತ್ತದೆ, ವಿಡಿಯೋ ಹೋಗುವುದಿಲ್ಲ. ‘ಅವಳ ಕೈ ಅರ್ಧಕ್ಕೇ ನಿಂತ್ಬಿಡುತ್ತೆ. ಏನೋ ಹೇಳೋಕೆ ಎತ್ತಿರ್ತಾಳೆ, ಅಲ್ಲೇ ಕಲ್ಲಾಗಿರ್ತಾಳೆ. ಹಿಂದೆ ಗೋಡೆ ಗಡಿಯಾರಾನೂ ನಿಂತಿರುತ್ತೆ’ ಎನ್ನುತ್ತಾರೆ ಅಕ್ಕ. ಮುಖ ನೋಡಿ ಮಾತಾಡಬೇಕೆಂದರೆ ಗಣಿಯನ್ನು ಬಳಸಿಕೊಂಡು ಲಾರಿ ರಸ್ತೆಯಲ್ಲಿ ಧೂಳು ಕುಡಿಯುತ್ತಾ ಹೋಗಬೇಕು. ತಿಂಗಳಿಗೊಮ್ಮೆ ಆದರೆ ಪುಣ್ಯ.

ಆ ಮನೆಗಳಿಗೆ ಕೇಬಲ್ ಮುಟ್ಟಿಸಲು ಮೊದಲು ಎಲ್ಲರಿಗೂ ಹೊಳೆದದ್ದು ನೇರ ದಾರಿ. ಗಣಿಯ ಈ ದಂಡೆಯಿಂದ ಆ ದಂಡೆಗೆ, ನಡುವೆ ಕಂಬವೇ ಇಲ್ಲದೆ, ದಪ್ಪ ಕೇಬಲ್ಲಿನ ಒಂದೇ ಜಿಗಿತ. ಸಂಘದ ಎಂಜಿನಿಯರ್ ಯುವತಿ ಲೆಕ್ಕ ಹಾಕಿ ನಿಲ್ಲುತ್ತದೆ ಎಂದರು. ಕಂಬದಕ್ಕ ಹಿತ್ತಿಲಿನ ಪರೀಕ್ಷೆ ನೋಡಿ ನಿಲ್ಲುತ್ತದೆ ಎಂದರು. ಸಿಡಿಮದ್ದು ಇಡುವುದು ಗಣಿಯ ಇನ್ನೊಂದು ತುದಿಯಲ್ಲಿ. ಕೇಬಲ್ ಹೋಗುವುದು ಕೆಲಸ ಮುಗಿದು ನೀರು ತುಂಬಿದ ಹಳೆಯ ಹೊಂಡದ ಮೇಲೆ. ಭಯವೇನಿದೆ? ಇಡೀ ಊರಿಗೂ ಅದೇ ದಪ್ಪ ಕೇಬಲ್ ತರಿಸುವುದೆಂದು ಮಾತಾಯಿತು.

ಖರೀದಿಗೆ ಸಹಿ ಹಾಕುವ ಮುಂಚೆ ಎಂಜಿನಿಯರ್ ಒಂದು ಮಾತು ಹೇಳಿದರು. ‘ಅಕ್ಕ, ಹಿತ್ತಿಲಲ್ಲಿ ಗಾಳಿ ನೋಡಿದ್ವಿ, ಭಾರ ನೋಡಿದ್ವಿ. ಆ ಜಾಗಾನ ನೋಡೇ ಇಲ್ಲ. ಮೊದ್ಲು ಒಂದು ಹಗ್ಗ ಕಟ್ಟಿ ಬಿಡೋಣ.’ ಹಾಗೆ ಡ್ರೋನಿನಿಂದ ಮೀನಿನ ದಾರ ದಾಟಿಸಿ, ಅದರ ಹಿಂದೆ ಕೇಬಲ್ಲಿನಷ್ಟೇ ದಪ್ಪದ ನೈಲಾನ್ ಹಗ್ಗ ಎಳೆದು ಕಟ್ಟಿದರು. ಕೆಲವು ವಾರ ಚೆನ್ನಾಗಿಯೇ ತೂಗಿತು. ಕಳೆದ ವಾರ ತಂಗಿಯಿಂದ ಒಂದು ಫೋಟೋ ಬಂದಿದೆ. ಹಗ್ಗ ಎರಡು ತುಂಡಾಗಿ ಹೊಂಡದ ನೀರಿಗೆ ಬಿದ್ದಿದೆ. ತುದಿಯ ನಾರು ಜಜ್ಜಿಹೋಗಿದೆ.

ಮರುದಿನ ಬೆಳಿಗ್ಗೆ ಕಂಬದಕ್ಕ ಗಣಿಯಾಚೆ ಹೋಗುತ್ತಾರೆ. ತಂಗಿ ಮಷಿನ್ ನಿಲ್ಲಿಸಿ, ಅಂಗಳಕ್ಕೆ ಕರೆದುಕೊಂಡು ಬಂದು, ಸೂರಿನ ಕಡೆ ಬೆರಳು ತೋರಿಸುತ್ತಾರೆ. ಶೀಟಿನ ಸೂರಿನ ತುಂಬ ಟಾರಿನ ತೇಪೆಗಳು. ಅಂಗಳದ ಒಂದು ಮೂಲೆಯಲ್ಲಿ ಮುಷ್ಟಿ ಗಾತ್ರದ ಕಲ್ಲುಗಳನ್ನು ಗುಡ್ಡೆ ಹಾಕಿ, ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದಾರೆ.

ಕೈಗಳ ಮಾತು ಜೋರಾಗುತ್ತದೆ. ಅಕ್ಕ ಅದನ್ನು ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. ‘ಸಿಡಿಮದ್ದಿನ ಸೈರನ್ ಆದ್ರೆ ಪಕ್ಕದ ಮನೆಯವಳು ಬಂದು ಇವಳ ಭುಜ ತಟ್ತಾಳಂತೆ. ಇಬ್ರೂ ಒಳಗಿನ ಕೋಣೆಗೆ ಹೋಗ್ತಾರಂತೆ. ಮೇಜಿನ ಮೇಲಿರೋ ಕತ್ತರಿ ಕುಣಿಯುತ್ತೆ, ಆಮೇಲೆ ಕಲ್ಲು ಬೀಳುತ್ತೆ, ಆಮೇಲೆ ಬಂದು ಮತ್ತೆ ಹೊಲೀತಾಳಂತೆ.’ ಯಾವಾಗಿನಿಂದ ಎಂದು ಅಕ್ಕನ ಕೈ ಕೇಳುತ್ತದೆ. ಗಣಿ ಇರುವಾಗಿನಿಂದ ಎಂದು ತಂಗಿಯ ಕೈ ಹೇಳುತ್ತದೆ. ಯಾಕೆ ಹೇಳಲಿಲ್ಲ? ನೀನು ಕೇಳಲೇ ಇಲ್ಲವಲ್ಲ. ಇಷ್ಟು ಹೇಳಿ ತಂಗಿ ಇನ್ನೊಂದು ಮಾತು ಸೇರಿಸುತ್ತಾರೆ. ಅದನ್ನೂ ಅಕ್ಕ ಬಾಯಲ್ಲಿ ಹೇಳುತ್ತಾರೆ.

‘ಊರಿನ ಕಂಬ ಎಲ್ಲ ಕತ್ತೆತ್ತಿ ನೋಡ್ತೀಯ, ನನ್ನ ಸೂರು ಒಂದು ದಿನಾನೂ ನೋಡ್ಲಿಲ್ಲ ಅಂತಾಳೆ.’

ನಿಜ. ಆ ಸೂರಿನ ಕೆಳಗೆ ಕೂತು ವರ್ಷಗಟ್ಟಲೆ ಉಂಡಿದ್ದಾರೆ. ತೇಪೆಗಳನ್ನು ಮಳೆ ಸೋರುವುದಕ್ಕೆ ಹಾಕಿದ್ದು ಎಂದೇ ತಿಳಿದಿದ್ದರು. ಹಿತ್ತಿಲಿನಲ್ಲಿ ಬಾಟಲಿ ಕಟ್ಟಿ, ಉಗುರು ಊರಿ, ಅಳಿಲಿನ ಹಲ್ಲನ್ನೂ ಲೆಕ್ಕಕ್ಕೆ ಹಿಡಿದವರಿಗೆ ಮೇಲಿನಿಂದ ಕಲ್ಲು ಬೀಳಬಹುದು ಎಂದು ಹೊಳೆದಿರಲಿಲ್ಲ. ಎಂಜಿನಿಯರ್‌ಗೂ ಇಲ್ಲ, ಸಂಘಕ್ಕೂ ಇಲ್ಲ. ಗುಂಡು ತಡೆಯುವ ನಾರು ಎಂದು ಹೆಸರಿದ್ದರೇನು, ಮೇಲಿನಿಂದ ಕಲ್ಲು ಅಪ್ಪಳಿಸಿದರೆ ಒಳಗಿನ ಗಾಜು ನುಚ್ಚು. ಇನ್ನು, ಜನರ ಸೂರಿನ ಮೇಲೆ ಕಲ್ಲು ಉದುರಿಸಿಕೊಂಡು ವರ್ಷಗಳಿಂದ ದುಡಿಮೆ ಮಾಡುವವರನ್ನು ಯಾರೂ ಕೇಳಿಲ್ಲ ಎಂಬುದು ಬೇರೆಯೇ ನಾಚಿಕೆಗೇಡು. ಒಂದು ಹಗ್ಗ ಹರಿದ ಮೇಲೆ ಅದು ಊರಿಗೆ ಗೊತ್ತಾಗಬೇಕಾಯಿತು.

ವಾಪಸು ಬರುವಾಗ ಕಂಬದಕ್ಕ ಬಸ್ಸು ಹತ್ತುವುದಿಲ್ಲ. ಲಾರಿ ರಸ್ತೆಯಲ್ಲೇ ನಡೆಯುತ್ತಾರೆ. ರಸ್ತೆಯ ಬದಿಯಲ್ಲಿ ಟೆಲಿಫೋನ್ ಕಾಲದ ಕಬ್ಬಿಣದ ಕಂಬಗಳು ಇನ್ನೂ ನಿಂತಿವೆ. ತಾಮ್ರ ಬಿಚ್ಚಿಸಿದ ಕಂಪನಿ ಕಂಬ ಕೀಳಿಸುವ ಗೋಜಿಗೆ ಹೋಗಿರಲಿಲ್ಲ. ಒಂದೊಂದರ ಬುಡಕ್ಕೂ ಸುತ್ತಿಗೆಯಿಂದ ಬಡಿದು, ಕಿವಿ ಕೊಟ್ಟು, ಮುಂದೆ ಹೋಗುತ್ತಾರೆ. ಗಟ್ಟಿ ಇದ್ದರೆ ಗಂಟೆಯಂತೆ, ತುಕ್ಕು ತಿಂದಿದ್ದರೆ ಒಡಕು ಡಬ್ಬದಂತೆ ಸದ್ದು. ಹೆಚ್ಚಿನವು ಗಂಟೆಯಂತೆಯೇ ಸದ್ದು ಮಾಡುತ್ತವೆ.

ಶನಿವಾರ ಸಂಜೆ ಬೇಕರಿಯ ಹಿಂದಿನ ಕೋಣೆಯಲ್ಲಿ ಸಭೆ. ಹಿಟ್ಟಿನ ಮೂಟೆಗಳೇ ಕುರ್ಚಿ. ಬೇಕರಿ ಯಜಮಾನರು ನೇರವಾಗಿ ಹೇಳುತ್ತಾರೆ: ‘ಆ ಹದಿನಾಲ್ಕು ಮನೆ ಸದ್ಯಕ್ಕೆ ಬಿಡೋಣ. ಊರು ಮುಗೀಲಿ, ಮುಂದೆ ನೋಡೋಣ.’

‘ಮುಂದೆ ನೋಡೋಣ ಅಂತಾನೇ ಕಂಪನಿಯೋರೂ ನಮ್ಮೂರಿಗೆ ಹೇಳಿ ಹೋಗಿದ್ದು’ ಎನ್ನುತ್ತಾರೆ ಕಂಬದಕ್ಕ. ಮೂಟೆಗಳ ಮೇಲಿದ್ದವರು ನಗುತ್ತಾರೆ, ಯಜಮಾನರು ನಗುವುದಿಲ್ಲ.

‘ಅಲ್ಲ ಅಕ್ಕಾ, ತಂಗಿ ಅಲ್ಲಿರೋದಕ್ಕೆ ತಾನೇ ನಿಮಗಿಷ್ಟು ಆತುರ?’

‘ಹೌದು, ಅದಕ್ಕೇ. ಉಳಿದ ಹದಿಮೂರು ಮನೇಲೂ ಯಾರ್ದೋ ಅಕ್ಕ, ಯಾರ್ದೋ ತಂಗಿ ಇದ್ದಾರೆ. ಅವರ ಪರ ಮಾತಾಡೋಕೆ ಈ ಕೋಣೇಲಿ ಯಾರೂ ಇಲ್ಲ. ನಾನಿದೀನಿ, ಮಾತಾಡ್ತೀನಿ.’

ಆಗ ಅವರು ತಮ್ಮ ಆಯ್ಕೆ ಹೇಳುತ್ತಾರೆ. ಗಣಿಯ ಮೇಲಿನ ಜಿಗಿತ ಬೇಡ. ಬಳಸು ದಾರಿಯಲ್ಲಿ ಹಳೆಯ ಕಂಬಗಳ ಮೇಲೆ ಹೋಗೋಣ. ಜಿಗಿತವೇ ಇಲ್ಲದ ಮೇಲೆ ದಪ್ಪ ಕೇಬಲ್ ಯಾಕೆ? ಇಡೀ ಊರಿಗೆ ಮೂರನೆಯದು, ಆ ತೆಳ್ಳನೆಯದೇ ಸಾಕು. ಅದರಿಂದ ಉಳಿಯುವ ಹಣದಲ್ಲಿ, ಲಾರಿಗಳು ರಸ್ತೆ ದಾಟುವ ಕಡೆ ಎತ್ತರದ ಕಂಬ ಹಾಕೋಣ.

‘ಲಾರಿ ರಸ್ತೆಗೆ ತೆಳ್ಳಂದಾ?’ ಯಜಮಾನರು ಮೂಟೆಯಿಂದ ಎದ್ದೇಬಿಡುತ್ತಾರೆ. ‘ಅಲ್ಲಿಗೇ ಉಕ್ಕಿಂದು ಬೇಕಾಗಿರೋದು! ಯಾವನಾದ್ರೂ ಯಂತ್ರ ಹೇರ್ಕೊಂಡು ಬಂದು ಎಳ್ಕೊಂಡು ಹೋದ್ರೆ?’

‘ಎಳ್ಕೊಂಡು ಹೋಗ್ಲಿ ಅಂತಾನೇ ತೆಳ್ಳಂದು.’ ಕಂಬದಕ್ಕನ ಧ್ವನಿ ಈಗ ಏರುತ್ತದೆ. ‘ಟೆಲಿಫೋನ್ ಕಾಲದಲ್ಲಿ ಅದೇ ರಸ್ತೇಲಿ ಉಕ್ಕಿನ ತಂತಿಗೆ ಲಾರಿ ಸಿಕ್ಕಾಕ್ಕೊಳ್ತು. ತಂತಿ ಹರೀಲಿಲ್ಲ. ಮೂರು ಕಂಬ ಮಲಗ್ತು. ಒಂದು ಹೋಗಿ ಚಹಾ ಅಂಗಡಿ ಮೇಲೇ ಮಲಗ್ತು. ಅವತ್ತು ಅಂಗಡಿಯವನಿಗೆ ಜ್ವರ, ಬಾಗಿಲು ಹಾಕಿತ್ತು, ಬದುಕಿದ. ಕೇಬಲ್ ಹರಿದ್ರೆ ನಾನು ಹೋಗಿ ಅರ್ಧ ದಿನದಲ್ಲಿ ಕೂಡಿಸ್ತೀನಿ. ಮನುಷ್ಯನ್ನ ಕೂಡಿಸೋಕಾಗಲ್ಲ.’

ಎಂಜಿನಿಯರ್ ಮಾತು ಜೋಡಿಸುತ್ತಾರೆ. ಹೆಚ್ಚು ಜಗ್ಗಿದರೆ ಕೇಬಲ್ಲನ್ನು ತಾನಾಗಿ ಬಿಟ್ಟುಬಿಡುವ ಹಿಡಿಕೆಗಳು ಸಿಗುತ್ತವೆ. ತೆಳು ಕೇಬಲ್ಲಿಗೆ ಅವು ಸರಿಯಾಗಿ ಕೂರುತ್ತವೆ. ಹಿಡಿಕೆ ಬಿಟ್ಟರೆ ಕಂಬ ಉಳಿಯುತ್ತದೆ. ಅಲ್ಲಲ್ಲಿ ಕಂಬದ ಮೇಲೆ ಹೆಚ್ಚುವರಿ ಕೇಬಲ್ಲನ್ನು ಸುರುಳಿ ಸುತ್ತಿಟ್ಟರೆ, ಹರಿದ ತುದಿಯನ್ನು ಕೆಳಕ್ಕೆ ತಂದು ನೆರಳಲ್ಲಿ ಕೂತು ಕೂಡಿಸಬಹುದು. ಊರೂರಿನ ಕಂಬಗಳ ಮೇಲೆ ಚಕ್ರದಂತೆ ನೇತಾಡುವ ಸುರುಳಿಗಳು ಯಾಕಿವೆ ಎಂದು ತಲೆ ಕೆರೆದುಕೊಂಡವರಿಗೆ ಇದೇ ಉತ್ತರ.

‘ಇನ್ನೊಂದು ಮಾತು’ ಎನ್ನುತ್ತಾರೆ ಕಂಬದಕ್ಕ. ‘ಮೊದ್ಲು ಒಂದೇ ಉರುಳೆ ತರಿಸಿ, ಆ ರಸ್ತೇಲೇ ಎಳೆಯೋಣ. ಅಲ್ಲಿ ನಿಂತ್ರೆ ಬಾಕಿದು ತರಿಸೋಣ.’

‘ನೋಡಿದ್ರಾ! ತಂಗಿ ಮನೆಗೇ ಮೊದ್ಲು!’ ಎಂದು ಹಿಂದಿನಿಂದ ಯಾರೋ ಕುಟುಕುತ್ತಾರೆ.

‘ಹೌದಪ್ಪಾ, ತಂಗಿ ಮನೆಗೇ ಮೊದ್ಲು. ಊರಲ್ಲಿ ಅದಕ್ಕಿಂತ ಕೆಟ್ಟ ರಸ್ತೆ ಇದ್ರೆ ತೋರಿಸು, ಅಲ್ಲಿಗೇ ಹೋಗೋಣ. ನನ್ನ ಆಯ್ಕೆ ತಪ್ಪಾಗಿದ್ರೆ ನನ್ನ ತಂಗಿ ಮನೇಲೇ ಕಿತ್ತೋಗ್ಲಿ. ನಿಮ್ಮನೇಲಿ ಯಾಕೆ ಕಿತ್ತೋಗ್ಬೇಕು?’

ಕೈಗಳು ಏಳುತ್ತವೆ. ಒಂದೊಂದಾಗಿ, ಆಮೇಲೆ ಒಟ್ಟಿಗೆ. ಎಲ್ಲರಿಗಿಂತ ಕೊನೆಗೆ ಬೇಕರಿ ಯಜಮಾನರ ಕೈ ಏಳುತ್ತದೆ, ಹಿಟ್ಟು ಮೆತ್ತಿಕೊಂಡೇ. ‘ಎತ್ತಿದೀನಿ, ಸರಿಯಾಗಿ ನೋಡ್ಕೊಳ್ಳಿ. ಕಿತ್ತೋದ್ರೆ ಮತ್ತೆ ಮೂಟೆ ಹೊರಿಸ್ತೀನಿ’ ಎನ್ನುತ್ತಾರೆ. ಗಣಿಯವರಿಗೆ ಕಲ್ಲಿನ ವಿಷಯದಲ್ಲಿ ದೂರು ಕೊಡಬೇಕೆಂಬುದೂ ಅದೇ ಸಭೆಯಲ್ಲಿ ತೀರ್ಮಾನವಾಗುತ್ತದೆ. ದೂರನ್ನು ತಾನೇ ಹಿಡಿದುಕೊಂಡು ಹೋಗುತ್ತೇನೆ ಎಂದವರೂ ಯಜಮಾನರೇ.

ಎಲ್ಲರೂ ಹೋದ ಮೇಲೆ ಕಂಬದಕ್ಕ ಫೋನು ತೆಗೆದು, ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ತಂಗಿಗೆ ಸುದ್ದಿ ಕಳಿಸುತ್ತಾರೆ. ಆ ಮನೆಗೆ ಕೇಬಲ್ ಮುಟ್ಟಿದ ಮೇಲೆ ಮೊದಲು ಏನು ಮಾಡಬೇಕೆಂದಿದ್ದಾರೆ? ಪ್ರಶ್ನೆ ಕೇಳಿ ಅವರಿಗೆ ನಗು ಬರುತ್ತದೆ.

‘ಜಗಳ ಆಡ್ಬೇಕು. ನಮ್ಮ ಬೀದೀಲಿ ಎಲ್ಲಾ ಹೆಂಗಸರೂ ದಿನಾ ಫೋನಲ್ಲಿ ಅಕ್ಕತಂಗೀರ ಜೊತೆ ಕಿತ್ತಾಡ್ತಾರೆ, ಸಂಜೆ ಹೊತ್ತಿಗೆ ಸರಿಹೋಗ್ತಾರೆ. ನನ್ಗೆ ಆ ಭಾಗ್ಯ ಇಲ್ಲ. ತಿಂಗಳಿಗೊಂದು ಸಲ ಹೋಗ್ತೀನಿ, ಅಷ್ಟು ದೂರ ಹೋಗಿ ಜಗಳ ಆಡೋಕೆ ಮನಸ್ಸು ಬರುತ್ತಾ? ಕಲ್ಲು ಬೀಳೋದನ್ನ ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದಾಳಲ್ಲ, ಅದಕ್ಕೆ ಅವಳನ್ನ ಚೆನ್ನಾಗಿ ಬೈಬೇಕು. ಇದರಲ್ಲಿ ಅಕ್ಷರ ಒತ್ತಿ ಒತ್ತಿ ಬೈದ್ರೆ ಏನು ಚೆಂದ? ಬೈಯೋಕೆ ಎರಡು ಕೈ ಬೇಕು.’